ಬಯಕೆಗೆ ಕಪ್ಪು ಗಾಳ

ಮಗಳ ಮನೆಯ ಗರಾಜಿನಲ್ಲಿ ನನ್ನದೊಂದು ಪೆಟ್ಟಿಗೆ ಇದೆ. ಅದರೊಳಗೆ ಮರದ ಮೀನು, ರಬ್ಬರಿನ ಮೀನು, ಪ್ಲಾಸ್ಟಿಕ್ ಮೀನು. ಒಂದೊಂದರ ಹೊಟ್ಟೆಯಡಿಗೂ ಗಾಳ. ಇಲ್ಲಿಯವರು ಇದನ್ನು ಲ್ಯೂರ್ ಅನ್ನುತ್ತಾರೆ. ಜೀವ ಇಲ್ಲದ್ದನ್ನು ಎಸೆದು, ಎಳೆದು, ಜೀವ ಇದೆ ಎಂದು ಮೀನಿಗೆ ನಂಬಿಸುವ ಆಟ. ಬಿಳಿ, ಹಳದಿ, ಕೆಂಪು, ಹಸಿರು ಎಲ್ಲವೂ ಉಪ್ಪುನೀರು ಕುಡಿದು ಬಣ್ಣ ಕಳೆದುಕೊಂಡಿವೆ. ಕಪ್ಪಿನದೊಂದು ಮಾತ್ರ ಇನ್ನೂ ಮಿರಮಿರ ಮಿಂಚುತ್ತದೆ. ಅದು ಸಮುದ್ರ ಕಂಡದ್ದು ಒಂದೇ ರಾತ್ರಿ. ಆ ರಾತ್ರಿಯ ತನಕ ಅದನ್ನು ದಾರಕ್ಕೆ ಕಟ್ಟುವುದಿಲ್ಲ ಎಂದು ಹಟ ಹಿಡಿದಿದ್ದವನು ನಾನು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಗಂಗೊಳ್ಳಿಯಲ್ಲಿ ಅಪ್ಪಯ್ಯನ ದೋಣಿ, ಆಮೇಲೆ ಮುಂಬೈಯಲ್ಲಿ ಹೋಟೆಲಿನ ಒಲೆ, ಆಮೇಲೆ ಈ ಲಾಸ್ ಏಂಜಲೀಸಿನ ಒಲೆ. ಈಗ ಒಂದು ಹೋಟೆಲಿಗೆ ಹೆಡ್ ಕುಕ್. ನನ್ನ ಸಾಂಬಾರಿನ ಮೇಲೆ ಇನ್ನೊಬ್ಬರು ಉಪ್ಪು ಉದುರಿಸಿದ್ದನ್ನು ನಾನು ನೋಡಿಲ್ಲ. ಯಾರ ಹತ್ತಿರವೂ ಕೈ ಒಡ್ಡದೆ ಮಗಳನ್ನು ಓದಿಸಿದೆ. ಅವಳು ತನ್ನ ಜೊತೆ ಓದಿದ ಬೆಂಗಳೂರಿನ ಹುಡುಗನನ್ನು ಮದುವೆಯಾಗಿ ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚಿನಲ್ಲಿ ಮನೆ ಮಾಡಿದಳು. ಹುಡುಗ ಮೊಟ್ಟೆಯನ್ನೂ ಮುಟ್ಟದವರ ಮನೆಯವನು. ಅವನೇನೂ ಹೇಳದಿದ್ದರೂ ಇವಳಾಗಿಯೇ ಆ ಅಡುಗೆಮನೆಗೆ ಮೀನು ತರುವುದನ್ನು ನಿಲ್ಲಿಸಿದ್ದಳು. ನಾನೂ ಏನೂ ಹೇಳಿರಲಿಲ್ಲ.

ಕೊರೊನಾದ ಮಾಸ್ಕೆಲ್ಲ ಕಳಚಿದ ಮರುವರ್ಷ ಅವಳು ಬಸುರಿಯಾದಳು. ಅದಕ್ಕೂ ಮೊದಲು ಒಂದು ಸಲ ನಿಂತು, ಉಳಿಯದೆ ಹೋಗಿತ್ತು. ಈ ಸಲ ಉಳಿಯಿತು, ಆದರೆ ಊಟ ಉಳಿಯಲಿಲ್ಲ. ಅನ್ನ ಕಂಡರೆ ವಾಂತಿ, ಹಾಲು ಕಂಡರೆ ವಾಂತಿ, ನೀರು ಕುಡಿದರೂ ವಾಂತಿ. ಮೂರು ತಿಂಗಳು ಕಳೆದರೆ ಸರಿಹೋಗುತ್ತದೆ ಅಂದರು. ಕಳೆದರೂ ಸರಿಹೋಗಲಿಲ್ಲ. ಹೆಂಡತಿ ಆಗ ಊರಿನಲ್ಲಿದ್ದಳು. ಅವಳ ಅಮ್ಮ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಹಾಗಾಗಿ ತವರು ಅಂದರೆ ನಾನೊಬ್ಬನೇ.

ಒಂದು ಸೋಮವಾರ, ನನ್ನ ರಜೆಯ ದಿನ, ಅವಳ ಮಂಚದ ಪಕ್ಕ ಕುಳಿತಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಅಪ್ಪಯ್ಯ, ಅಜ್ಜಿ ಮಾಡಿದ್ ಮೀನ್ ಸಾರ್ ಉಂಬ ಅನ್ಸತ್ತ್."

ಅಜ್ಜಿ ಅಂದರೆ ನನ್ನ ಅಮ್ಮ. ಇಷ್ಟು ದಿನದಲ್ಲಿ ಮಗಳು ಬಾಯಿಬಿಟ್ಟು ಕೇಳಿದ ಊಟ ಅದೊಂದೇ. ನಾನು ಆಗಲೇ ಎದ್ದು ಕಾರು ಹತ್ತಿದೆ. ಅಂಗಡಿಯಲ್ಲಿ ಐಸಿನ ಮೇಲೆ ಮಲಗಿದ್ದ ಮೀನು ತಂದು, ಮನೆಯೊಳಗೆ ಬೇಡ ಎಂದು ಗರಾಜಿನ ಬಾಗಿಲು ಎತ್ತಿ ಗ್ಯಾಸಿನ ಒಲೆ ಹಚ್ಚಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮೀನಿಗೆ ಗರಾಜೇ ಅಡುಗೆಮನೆ. ಮೀನು ಹೆಚ್ಚುತ್ತಿದ್ದ ಹಾಗೇ, ಸಾರು ಕುದಿಯುವ ಮೊದಲೇ ಅವಳು ಮೂಗು ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. "ಹಳೇ ಮೀನ್, ಅಪ್ಪಯ್ಯ. ವಾಸ್ನಿ" ಅಂದಳು ಆಮೇಲೆ, ಗೋಡೆ ಹಿಡಿದುಕೊಂಡು. ತಪ್ಪು ಅವಳದಲ್ಲ. ಐಸಿನ ಮೀನು ಎಷ್ಟು ಹೊಸದಾದರೂ ಎಷ್ಟು ಹೊಸದು?

ಹಿಡಿದ ಮೀನೇ ಬೇಕು, ನನ್ನ ಕೈಯಲ್ಲೇ ಹಿಡಿದದ್ದು ಬೇಕು ಎಂದು ಆವತ್ತೇ ಲೈಸೆನ್ಸ್ ತೆಗೆದುಕೊಂಡೆ.

ಡೆಲ್ ಮಾರ್‌ನ ಹತ್ತಿರ ಲಗೂನಿನ, ಅಂದರೆ ಹಿನ್ನೀರಿನ, ನೀರು ಸಮುದ್ರಕ್ಕೆ ಸೇರುವ ಒಂದು ಬಾಯಿ ಇದೆ. ಅಲ್ಲಿ ಮೊದಲ ಸಂಜೆಯೇ ಮೀನು ಸಿಕ್ಕಿತು. ಪರ್ಚ್ ಅನ್ನುತ್ತಾರೆ, ಅಂಗೈಯಗಲ, ಬೆಳ್ಳಿ ಮೈ, ಪಕ್ಕೆಯ ಮೇಲೆ ಅಡ್ಡಡ್ಡ ಗೆರೆ. ಗಾಳ ಬಿಡಿಸುತ್ತಿದ್ದ ಹಾಗೇ ಅದರ ಹೊಟ್ಟೆಯಡಿಯಿಂದ ಏನೋ ಜಾರಿ ನನ್ನ ಅಂಗೈಗೆ ಬಿತ್ತು. ಮೊಟ್ಟೆಯಲ್ಲ. ಮರಿ. ಕಣ್ಣು, ರೆಕ್ಕೆ, ಬಾಲ ಎಲ್ಲ ಇದ್ದ ಜೀವಂತ ಮರಿ. ಇನ್ನೊಂದು ಜಾರಿತು. ಇಷ್ಟು ವರ್ಷ ಮೀನಿನ ಜೊತೆ ಬದುಕಿದವನು ನಾನು, ಮರಿ ಹಾಕುವ ಮೀನನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ತಾಯಿಯನ್ನೂ ಮರಿಗಳನ್ನೂ ತೆರೆಯೊಳಗೆ ಬಿಟ್ಟು ಕೈ ತೊಳೆದೆ. ಮತ್ತೆ ತೊಳೆದೆ. ಆಮೇಲೆ ಸಿಕ್ಕ ಪರ್ಚ್ ಎಲ್ಲವೂ ಹೊಟ್ಟೆ ಉಬ್ಬಿದವೇ. ಅದು ಅವುಗಳ ಕಾಲವಂತೆ. ಎಲ್ಲವನ್ನೂ ಬಿಟ್ಟೆ. ಬಸುರಿಯ ಬಾಯಿಗೆ ಬಸುರಿಯನ್ನು ಹೇಗೆ ಕೊಡುವುದು? ಮನೆಗೆ ಬಂದು "ಸಿಗ್ಲಿಲ್ಲೆ ಮಗಾ" ಅಂದೆ, ಅಷ್ಟೇ.

ಅದೇ ದಂಡೆಯಲ್ಲಿ ಒಬ್ಬ ಮೆಕ್ಸಿಕನ್ ಅಜ್ಜ ನನಗೆ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಅವನ ಎರಡು ಕೈಯಲ್ಲೂ ಹಿಡಿಸದಷ್ಟು ಉದ್ದದ ಮೀನು, ತಲೆಯಿಂದ ಬಾಲದ ತನಕ ಕಪ್ಪು ಪಟ್ಟೆ. ಸ್ಟ್ರೈಪ್ಡ್ ಬಾಸ್. ಇದು ಮೇಲೆ ಉತ್ತರದ ಮೀನು, ಈ ಕಡೆ ಬರುವುದು ಅಪರೂಪ, ಈ ವರ್ಷ ಮಳೆ ಜೋರಾಗಿ ಲಗೂನಿನ ಬಾಯಿ ತೆರೆದದ್ದಕ್ಕೆ ಬಂದಿದೆ, ರಾತ್ರಿ ಮಾತ್ರ ದಡಕ್ಕೆ ಬರುತ್ತದೆ ಎಂದು ಅವನು ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕೈಯಲ್ಲಿ ಹೇಳಿದ. ನನಗೆ ಅಷ್ಟು ಸಾಕಾಯಿತು. ಮಗಳ ಬಯಕೆಗೆ ಒಯ್ಯಬೇಕಾದ ಮೀನು ಅಂದರೆ ಅದು ಎಂದು ಮನಸ್ಸು ಅಲ್ಲೇ ಗೂಟ ಹೊಡೆದು ನಿಂತಿತು.

ಅಂದಿನಿಂದ ಪ್ರತಿ ಭಾನುವಾರ ಹೋಟೆಲಿನ ಒಲೆ ಆರಿಸಿ, ಗ್ರೈಂಡರಿನಲ್ಲಿ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ ಎಲ್ಲ ಹಾಕಿ ಮಸಾಲೆ ರುಬ್ಬಿ ಡಬ್ಬಿಗೆ ತುಂಬಿಕೊಂಡು ದಕ್ಷಿಣಕ್ಕೆ ಡ್ರೈವ್ ಮಾಡುತ್ತಿದ್ದೆ. ಸೋಮವಾರ ರಾತ್ರಿಯ ತನಕ ಸಮುದ್ರ. ಮಂಗಳವಾರ ಆ ಮಸಾಲೆ ಬಂದ ದಾರಿಯಲ್ಲೇ ವಾಪಸ್ಸು. ಅಡುಗೆಮನೆಯ ಹುಡುಗರು ಅದರಲ್ಲಿ ಕೋಳಿ ಬೇಯಿಸಿಕೊಂಡು ಉಣ್ಣುತ್ತಿದ್ದರು.

ಅಳಿಯ ತಾನೂ ಬರುತ್ತೇನೆ ಅಂದ. ನಾನು ಬೇಡ ಅಂದೆ. ಹೆಂಡತಿ ಮಲಗಿದ ಕೋಣೆಯ ಹೊರಗೆ ಬರಿದೇ ಅತ್ತಿತ್ತ ನಡೆಯುವುದಕ್ಕಿಂತ ಇದು ವಾಸಿ ಎಂದು ಅವನ ಮುಖವೇ ಹೇಳುತ್ತಿತ್ತು. ಪಕ್ಕದ ಮನೆಯ ಆಂಟಿ ಇವಳ ಜೊತೆ ಕುಳಿತಿರಲು ಒಪ್ಪಿದರು. ಅವನು ಬಂದ. ಬರುವಾಗ ಖಾಲಿ ಕೈಯಲ್ಲಿ ಬರಲಿಲ್ಲ. ಜನ್ಮದಲ್ಲಿ ಮೀನು ತಿನ್ನದ ಹುಡುಗ ರಾತ್ರಿಯೆಲ್ಲ ಕುಳಿತು ಮೀನಿನ ಕಣ್ಣಿನ ಬಗ್ಗೆ ಓದಿದ್ದ.

"ಮಾವ, ಕತ್ತಲಲ್ಲಿ ಅದಕ್ಕೆ ಬಣ್ಣ ಕಾಣಲ್ಲ. ಕೆಳಗಿಂದ ಮೇಲೆ ನೋಡತ್ತೆ, ಆಕಾಶದ ಎದುರಿಗೆ ನೆರಳು ಕಾಣತ್ತೆ ಅಷ್ಟೆ. ಅದಕ್ಕೆ ಚಂದ್ರ ಇಲ್ಲದ ದಿನ ಕಪ್ಪು ಹಾಕಿ ಅಂತಾರೆ. ನೋಡಿ, ತಂದಿದೀನಿ."

ಪ್ಯಾಕೆಟ್ ಒಡೆದು ಕೊಟ್ಟ. ಕಾಡಿಗೆಯಂಥ ಕಪ್ಪು.

"ಅದ್ ಬ್ಯಾಡ" ಅಂದೆ.

"ಯಾಕೆ?"

"ಶುಭಕಾರ್ಯ ಮಾರಾಯ್ರೆ. ಬಯಕಿಗೆ ಹೊರಟವ ಕಪ್ಪು ಕಟ್ಟುದಾ?"

ಅವನು ನನ್ನ ಮುಖ ನೋಡಿದ. ತಮಾಷೆಯಲ್ಲ ಎಂದು ಗೊತ್ತಾಯಿತು. ಮೆಲ್ಲಗೆ ಕೇಳಿದ.

"ಮಾವ, ಆ ಮೀನಿನ ಮೈ ಮೇಲೇ ಕಪ್ಪು ಪಟ್ಟೆ ಇದ್ಯಲ್ಲ. ಅದನ್ನೇನ್ ಮಾಡ್ತೀರಾ?"

"ಅದ್ ಅದ್ರ ಮನೆ ವಿಷ್ಯ."

ನಗು ಬಂದರೂ ನಗಲಿಲ್ಲ ನಾನು. ಬಿಳಿ ಕಟ್ಟಿದೆ. ನನ್ನ ಅಪ್ಪಯ್ಯ ಬಂಗುಡೆ ಹಿಡಿಯಲು ಗಾಳಕ್ಕೆ ಹುಂಜದ ಬಿಳಿ ಪುಕ್ಕ ಕಟ್ಟುತ್ತಿದ್ದರು. ಬಿಳಿಯಲ್ಲಿ ನನಗೆ ನಂಬಿಕೆ. ಬಿಳಿಗೆ ಬರಲಿಲ್ಲ. ಮುಂದಿನ ವಾರ ಅರಿಶಿನದ ಬಣ್ಣ. ಅದಕ್ಕೂ ಇಲ್ಲ. ಕುಂಕುಮದ ಬಣ್ಣ, ಆಮೇಲೆ ಬಳೆಯ ಹಸಿರು. ನಾಲ್ಕು ಸಲ ಎಸೆಯುವುದು, ಬಿಚ್ಚುವುದು, ಬೇರೆ ಕಟ್ಟುವುದು. ನೀರಿನಲ್ಲಿ ಇರುವುದಕ್ಕಿಂತ ನನ್ನ ದಾರ ನನ್ನ ಹಲ್ಲಿನಲ್ಲಿ ಇದ್ದದ್ದೇ ಹೆಚ್ಚು. ಒಂದು ಬಣ್ಣ ನೀರಿಗೆ ಬಿದ್ದ ಕೂಡಲೇ ಇನ್ನೊಂದು ಸರಿಯಿತ್ತು ಅನ್ನಿಸುತ್ತಿತ್ತು. ಕಾಲಡಿಯ ಮರಳು ತೆರೆಯ ಜೊತೆ ಜಾರುತ್ತಿತ್ತು, ನಾನು ಜಾಗ ಬದಲಿಸುತ್ತಿದ್ದೆ. ಅಳಿಯ ಫೋನ್ ತೆಗೆದು ನೋಡಿ ಒಳಗಿಡುತ್ತಿದ್ದ, ತೆಗೆದು ನೋಡಿ ಒಳಗಿಡುತ್ತಿದ್ದ.

ಹೆಂಡತಿ ಊರಿನಿಂದ ಫೋನ್ ಮಾಡಿದಳು. "ಹ್ವಾಯ್, ಹೆಣ್ಣ್ ಎಂತಾರೂ ತಿಂತಾ?"

"ಇಲ್ಲೆ. ಬಣ್ಣ ಸಮಾ ಕೂಡಿ ಬತ್ತಿಲ್ಲೆ."

"ಎಂತ ಬಣ್ಣ?"

ಹೇಳಿದೆ.

"ನೀವ್ ಮೀನ್ ಹಿಡೂಕೆ ಹೋಪುದಾ, ಮದುವಿ ಸೀರಿ ತಕಂಬುಕೆ ಹೋಪುದಾ?" ಅಂದಳು. ಬೈದದ್ದಲ್ಲ, ಆದರೆ ಆ ಮಾತಿನ ಕೊನೆಗೆ ಅವಳ ದನಿ ಒಡೆಯಿತು. ಅಷ್ಟು ದೂರ ಕುಳಿತು ಅವಳಿಗೆ ಮಾಡಲಿಕ್ಕೆ ಬೇರೇನಿತ್ತು?

ಮಾರ್ಚ್ ಕೊನೆಗೆ ಬಂತು. ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ, ಗುರುವಾರ ಬನ್ನಿ ಎಂದು ಡಾಕ್ಟರ್ ಹೇಳಿದ್ದರು. ಆ ಸೋಮವಾರ ಸಂಜೆ ಹೊರಡುವ ಮುಂಚೆ ಅವಳಿಗೆ ನೀರು ಕೊಟ್ಟೆ. ಲೋಟ ತೆಗೆದುಕೊಳ್ಳಲು ಕೈ ಎತ್ತಿದಾಗ ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈ ತನಕ ಹೋದವು. ಅವುಗಳ ಸದ್ದು ಹಾದಿಯುದ್ದಕ್ಕೂ ನನ್ನ ಕಿವಿಯಲ್ಲಿತ್ತು.

ಅಮಾವಾಸ್ಯೆಯ ಹತ್ತಿರದ ರಾತ್ರಿ. ರೈಲು ಹಳಿಯ ಕೆಳಗಿನ ದಂಡೆಯಲ್ಲಿ ನಾವಿಬ್ಬರೇ. ಬಿಳಿ ಬೆಳಕು ನೀರಿನ ಮೇಲೆ ಬಿದ್ದರೆ ಮೀನು ದೂರ ಹೋಗುತ್ತದೆ ಎಂದು ಅಳಿಯ ತಲೆಗೆ ಕಟ್ಟುವ ಕೆಂಪು ದೀಪ ತಂದಿದ್ದ. ಆ ಬೆಳಕಿನಲ್ಲಿ ಪೆಟ್ಟಿಗೆ ತೆರೆದೆ. ಬಿಳಿ ಯಾವುದು ಎಂದು ಗೊತ್ತಾಗಲಿಲ್ಲ. ಅರಿಶಿನ, ಕುಂಕುಮ, ಬಿಳಿ, ಮೂರೂ ಒಂದೇ ಥರ ಮಂಕಾಗಿ ಮಲಗಿದ್ದವು, ಪೂಜೆ ಮುಗಿದ ಮೇಲಿನ ತಟ್ಟೆಯ ಹಾಗೆ. ಬಳೆಯ ಹಸಿರು ಬೂದಿಯಾಗಿತ್ತು. ಇದೋ ಅದೋ ಎಂದು ಎತ್ತಿ ಎತ್ತಿ ನೋಡಿದೆ. ನಾನು ಇಷ್ಟು ವಾರ ಆರಿಸಿದ್ದೆಲ್ಲ ಒಂದೇ. ಗುರುತು ಸಿಕ್ಕಿದ್ದು ಕಪ್ಪು ಮಾತ್ರ.

ಹೇಳಬೇಕಾದ್ದನ್ನು ಅಳಿಯ ಮೊದಲ ದಿನವೇ ಹೇಳಿಯಾಗಿತ್ತು. ದೀಪ ಅಲ್ಲಾಡದ ಹಾಗೆ ತಲೆಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ.

"ಅಮ್ಮಾ" ಎಂದು ಊರಿನ ದೇವಿಯನ್ನು ನೆನೆದು ಕಪ್ಪು ಕಟ್ಟಿದೆ. ಗಂಟು ಒಂದು ಸಲ ಬಿಚ್ಚಿತು, ಮತ್ತೆ ಕಟ್ಟಿದೆ. ಸೊಂಟದ ತನಕ ನೀರಿಗಿಳಿದು ಲಗೂನಿನ ನೀರು ತೆರೆಗೆ ತಾಗುವ ಕಡೆ ಎಸೆದೆ. ಎಳೆದೆ. ಮತ್ತೆ ಎಸೆದೆ. ಬದಲಾಯಿಸಬೇಕು ಎಂದು ಕೈ ತುರಿಸಿತು, ಬದಲಾಯಿಸಲಿಲ್ಲ. ಎಷ್ಟು ಹೊತ್ತಾಯಿತೋ, ಮೇಲೆ ಒಂದು ರೈಲು ಹೋಯಿತು, ಅದರ ಗುಡುಗು ಮರಳಿನೊಳಗಿಂದ ಕಾಲಿಗೆ ಬಂತು, ಆ ಗುಡುಗು ನಿಲ್ಲುವ ಮೊದಲೇ ಕೈಯಲ್ಲಿದ್ದ ಗಾಳದ ರಾಡ್ ಬಗ್ಗಿತು.

ಅದು ಪರ್ಚ್ ಎಳೆಯುವ ಹಾಗೆ ಎಳೆಯಲಿಲ್ಲ. ಹಗ್ಗಕ್ಕೆ ಕರು ಕಟ್ಟಿದ ಹಾಗೆ ಎಳೆಯಿತು. "ಮಾವ! ಮಾವ! ಬಿಡ್ಬೇಡಿ!" ಎಂದು ಅಳಿಯ ಶೂ ಸಮೇತ ನೀರಿಗೆ ಬಂದ. ಕೊನೆಯ ತೆರೆಯ ಜೊತೆ ಮೀನು ಮರಳಿಗೆ ಬಿದ್ದಾಗ, ಅದು ವಾಪಸ್ಸು ಜಾರದ ಹಾಗೆ ಅದರ ಮೇಲೆ ಎರಡೂ ಕೈಯೂರಿ ಬಿದ್ದವನು ಆ ಮೊಟ್ಟೆ ಮುಟ್ಟದ ಮನೆಯ ಹುಡುಗನೇ. ಎದ್ದಾಗ ಅವನ ಗಡ್ಡಕ್ಕೆಲ್ಲ ಹೊಳೆಯುವ ಚಿಪ್ಪು. ನಾವಿಬ್ಬರೂ ಏನು ಕೂಗಿದೆವು ಅಂತ ನೆನಪಿಲ್ಲ.

ಮನೆಗೆ ಬಂದು ಗರಾಜಿನ ಬಾಗಿಲು ಎತ್ತಿ, ಮೊದಲು ಮಸಾಲೆಯನ್ನು ಒಲೆಗಿಟ್ಟೆ. ಕುದಿ ಬಂದ ಮೇಲೆಯೇ ಮೀನು ಹಾಕುವುದು ನಮ್ಮ ಕ್ರಮ. ಅಳಿಯ ಮೀನನ್ನು ಹಳೆಯ ಟವೆಲಿನ ಮೇಲೆ ಮಲಗಿಸಿ ಫೋಟೋ ತೆಗೆಯುತ್ತಿದ್ದ. ನಾನು ಚಾಕು ಮಸೆಯುತ್ತಿದ್ದೆ. ಆಗ ಒಳಗಿನ ಬಾಗಿಲು ತೆರೆದು ಮಗಳು ಬಂದಳು, ಶಾಲು ಹೊದ್ದು, ಬಾಗಿಲ ಚೌಕಟ್ಟಿಗೆ ಒರಗಿ.

"ಕಾಣ್ ಮಗಾ" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಅವಳು ನೋಡಿದಳು. ಹತ್ತಿರ ಬಂದು ಬಗ್ಗಿ ಪಟ್ಟೆಯ ಮೇಲೆ ಬೆರಳಿಟ್ಟಳು. "ಯಾವ ಮೀನ್ ಇದ್?"

"ಸ್ಟ್ರೈಪ್ಡ್ ಬಾಸ್" ಅಂದ ಅಳಿಯ, ತಾನೇ ಹೆತ್ತವನ ಹಾಗೆ.

ಅವಳು ನಿಧಾನಕ್ಕೆ ನೆಟ್ಟಗಾದಳು. "ಅಪ್ಪಯ್ಯ, ಇದನ್ ನಾನ್ ತಿಂಬುಕಾಗ."

"ಎಂತಕೆ?"

"ಡಾಕ್ಟರ್ ಮೊದಲೇ ಹೇಳಿರ್. ಮರ್ಕ್ಯುರಿ ಜಾಸ್ತಿ ಅಂಬ್ರ್. ಬಸುರಿಯರು ತಿನ್ಬಾರ್ದ್ ಅಂತ ಹೇಳಿದ್ ಮೀನ್‌ಗಳಲ್ ಇದೂ ಒಂದ್."

ಬಣ್ಣದ ಬಗ್ಗೆ ಅಳಿಯ ಓದದ್ದು ಉಳಿದಿರಲಿಲ್ಲ. ಇದನ್ನು ಓದಿರಲಿಲ್ಲ.

"ಯಾವ ಮೀನ್ ಬೇಕ್ ಅಂದೇಳಿ ನೀವಿಬ್ರಲ್ ಒಬ್ರಾರೂ ನನ್ ಹತ್ರ ಕೇಂಡ್ರ್ಯಾ?" ಅಂದಳು ಅವಳು. ಸಿಟ್ಟು ಮಾಡುವಷ್ಟು ಶಕ್ತಿ ಇರಲಿಲ್ಲ, ಸುಮ್ಮನೆ ಕೇಳಿದಳು. "ಬೀಚಲ್ ಸಣ್ ಮೀನ್ ಎಂತದೂ ಸಿಕ್ಕುದಿಲ್ಯಾ?"

"ಸಿಕ್ಕತ್ತ್" ಅಂದೆ.

"ಮತ್ತೆ?"

ಹೇಳಬೇಕಾಯಿತು. ಅಂಗೈಗೆ ಜಾರಿದ ಮರಿಗಳನ್ನು ಹೇಳಿದೆ, ಪ್ರತಿ ಸಂಜೆ ಬಿಟ್ಟು ಬಂದದ್ದನ್ನು ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಅಳಿಯ ನೆಲ ನೋಡುತ್ತಿದ್ದ. ಹಿಂದೆ ಒಲೆಯ ಮೇಲೆ ಮಸಾಲೆ ತನ್ನ ಪಾಡಿಗೆ ತಾನು ಕುದಿಯಲು ಶುರುವಾಗಿ, ಕಾಯಿ ಮೆಣಸು ಹುಳಿ ಒಂದಾದ ಆ ವಾಸನೆ ಗರಾಜು ತುಂಬಿತು. ನಾನು ಒಲೆ ಆರಿಸಲು ಓಡಿದೆ. ಅವಳಿಗೆ ಈಗ ಹೊಟ್ಟೆ ತೊಳಸುತ್ತದೆ ಎಂದು ಗೊತ್ತಿತ್ತು.

"ಆರಸ್ಬೇಡ" ಅಂದಳು.

ತಿರುಗಿ ನೋಡಿದೆ. ಮೂಗು ಮುಚ್ಚಿಕೊಂಡಿರಲಿಲ್ಲ. ಪಾತ್ರೆಯ ಕಡೆಗೆ ಮುಖ ಮಾಡಿದ್ದಳು.

"ಇದೇ" ಅಂದಳು. "ಅಜ್ಜಿ ಸಾರ್ ಇದೇ ಅಲ್ದಾ?"

ಆಗ ನನಗೆ ಹೊಳೆಯಿತು. ಇವಳು ಅಜ್ಜಿಯ ಹತ್ತಿರ ಇದ್ದದ್ದು ಚಿಕ್ಕವಳಾಗಿದ್ದಾಗ, ನಾನು ಇಲ್ಲಿಗೆ ಬಂದು ಇವರನ್ನು ಇನ್ನೂ ಕರೆಸಿಕೊಳ್ಳದ ಒಂದು ಮಳೆಗಾಲ. ಸಮುದ್ರಕ್ಕೆ ದೋಣಿ ಇಳಿಯದ ತಿಂಗಳುಗಳು. ಆ ತಿಂಗಳುಗಳಲ್ಲಿ ನನ್ನ ಅಮ್ಮ ಮೀನಿನ ಮಸಾಲೆಯನ್ನು ಬರಿದೇ ಕುದಿಸಿ ಬಡಿಸುತ್ತಿದ್ದಳು. ಮೀನೆಲ್ಲಿ ಎಂದು ಮಕ್ಕಳು ಕೇಳಿದರೆ, ಬೆಂದು ಕರಗಿ ಹೋಯಿತು ಅನ್ನುತ್ತಿದ್ದಳು. ನನಗೂ ಹಾಗೇ ಹೇಳಿದ್ದಳು, ನನ್ನ ಕಾಲದಲ್ಲಿ. ಇವಳು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದ ಮೀನು ಸಾರಿನಲ್ಲಿ ಮೀನೇ ಇರಲಿಲ್ಲ.

ಅಳಿಯ ಒಳಗೆ ಓಡಿ ಅನ್ನ ತಂದ. ಅಲ್ಲೇ ಗರಾಜಿನ ಮಡಚುವ ಕುರ್ಚಿಯಲ್ಲಿ ಕುಳ್ಳಿರಿಸಿ, ಬಿಸಿ ಸಾರು ಹಾಕಿ ಕೊಟ್ಟೆ. ಒಂದು ತುತ್ತು. ನಿಲ್ಲಿಸಿದಳು. ಇನ್ನೊಂದು ತುತ್ತು. ತಟ್ಟೆಯ ಅರ್ಧ ಖಾಲಿ ಮಾಡಿ, ಮಲಗುತ್ತೇನೆ ಎಂದು ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು.

ನಾವಿಬ್ಬರೂ ಕೂರಲಿಲ್ಲ. ಊಟವಾದ ಮೇಲೆ ಅವಳು ಬಚ್ಚಲಿಗೆ ಓಡುವ ಹೊತ್ತು ನಮಗೆ ಗೊತ್ತಿತ್ತು. ಬಾಗಿಲ ಕಡೆಗೆ ಕಿವಿ ಕೊಟ್ಟು ನಿಂತೆವು. ಮೀನು ಟವೆಲಿನ ಮೇಲೆ ಹಾಗೇ ಮಲಗಿತ್ತು. ಅದನ್ನು ಐಸಿಗೆ ಹಾಕಬೇಕು, ನಾಳೆ ಹೋಟೆಲಿನ ಹುಡುಗರಿಗಾದರೂ ಆಗುತ್ತದೆ ಎಂದು ಅನ್ನಿಸಿದರೂ ಕೈ ಏಳಲಿಲ್ಲ. ಫ್ರಿಜ್ಜಿನ ಗುಯ್ ಶಬ್ದ, ಎಲ್ಲೋ ದೂರ ಹೈವೇ. ನಾನು ಪೆಟ್ಟಿಗೆಯಿಂದ ಬಿಳಿಯನ್ನು ತೆಗೆದು ನೋಡಿದೆ, ಇಟ್ಟೆ. ಹಳದಿ ತೆಗೆದೆ, ಇಟ್ಟೆ.

"ಮಾವ" ಅಂದ ಅಳಿಯ ಪಿಸುದನಿಯಲ್ಲಿ, "ಇದ್ರಲ್ಲಿ ಮೀನ್ ಬಿದ್ದಿಲ್ಲ ತಾನೆ?"

"ಇಲ್ಲೆ ಮಾರಾಯ್ರೆ."

ಅವನು ಸೌಟಿನಲ್ಲಿ ಒಂದಿಷ್ಟು ಅಂಗೈಗೆ ಸುರಿದುಕೊಂಡು ನೆಕ್ಕಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಮತ್ತೆ ಸುರಿದುಕೊಂಡ.

ಒಳಗೆ ಹೆಜ್ಜೆ ಸದ್ದಾಯಿತು. ಇಬ್ಬರೂ ಬಿಗಿದು ನಿಂತೆವು. ಬಚ್ಚಲಿನ ಬಾಗಿಲು ಎಡಕ್ಕೆ. ಹೆಜ್ಜೆ ಎಡಕ್ಕೆ ಹೋಗಲಿಲ್ಲ. ಗರಾಜಿನ ಬಾಗಿಲು ತೆರೆಯಿತು. ಕೈಯಲ್ಲಿ ಅದೇ ತಟ್ಟೆ, ಖಾಲಿ. ಉಳಿದ ಅರ್ಧವನ್ನು ಕತ್ತಲಲ್ಲೇ ಕುಳಿತು ಉಂಡಿದ್ದಳು.

"ಅಪ್ಪಯ್ಯ, ಇನ್ನೊಂಚೂರ್ ಇತ್ತಾ?"

ಪಾತ್ರೆ ಎತ್ತಿದೆ. ಸಾರು ತಟ್ಟೆಯ ಅಂಚಿಗೆ ಚೆಲ್ಲಿತು. ರಾತ್ರಿಯಿಡೀ ರಾಡ್ ಹಿಡಿದ ಕೈ, ಅದಕ್ಕೇ ಚೆಲ್ಲಿತು ಎಂದು ಅಳಿಯನಿಗೆ ಹೇಳಿದೆ. ಹೌದು ಮಾವ, ಅಂದ ಅವನು.